ಚರ್ಚಿನ ಜವಾಬ್ದಾರಿ ಯಾರದ್ದು? ಪೌಲನ ಕಾಣಿಕೆ ಲೆಕ್ಕದಿಂದ ನೋಡೋಣ

ಚರ್ಚ್ ಅಂದ್ರೆ ಪಾಸ್ಟರೋ ಫಾದರೋ ನಡೆಸೋದು, ನಾವು ಭಾನುವಾರ ಹೋಗಿ ಕೂತು ಹಾಡು ಹೇಳಿ ಕಾಣಿಕೆ ಹಾಕಿ ಮನೆಗೆ ಬರೋದು. ಬಹಳಷ್ಟು ಜನರ ತಲೇಲಿ ಇರೋ ಚಿತ್ರ ಇದೇ, ಹೊರಗಿನವ್ರು ಹಾಗಂದ್ಕೊಂಡ್ರೆ ಸರಿ, ಹುಟ್ಟಿದಾಗಿಂದ ಚರ್ಚಿಗೆ ಹೋಗೋರೂ ಹೀಗೇ ಅಂದ್ಕೊಂಡಿರ್ತಾರೆ. ಬೈಬಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆಯ ಪತ್ರಗಳನ್ನ ಒಂದ್ಸಲ "ಇದು ಯಾರಿಗೆ ಬರ್ದಿದ್ದು" ಅನ್ನೋ ಪ್ರಶ್ನೆ ಇಟ್ಕೊಂಡು ಓದಿ ನೋಡಿ. ಗ್ರೀಸಿನ ಕೊರಿಂಥ ಪಟ್ಟಣದ ಸಭೆಯನ್ನೇ (ಸಭೆ ಅಂದ್ರೆ ಅಲ್ಲಿನ ವಿಶ್ವಾಸಿಗಳ ಕೂಟ) ತಗೊಳ್ಳಿ, ಅವ್ರಿಗೆ ಪತ್ರ ಬರ್ದಿದ್ದು ಪೌಲ, ಊರೂರು ತಿರುಗಿ ಸಭೆ ಕಟ್ಟಿದ ಮೊದಲ ತಲೆಮಾರಿನ ಬೋಧಕ. ಅಲ್ಲಿ ಗುಂಪುಗಾರಿಕೆ ಇತ್ತು, ಒಬ್ರ ಮೇಲೊಬ್ರು ಕೋರ್ಟಿಗೆ ಹೋಗ್ತಿದ್ರು, ಒಬ್ಬ ತನ್ನ ತಂದೆಯ ಹೆಂಡತಿಯನ್ನೇ ಇಟ್ಕೊಂಡಿದ್ದ, ಕರ್ತನ ಭೋಜನಕ್ಕೆ (ಯೇಸುವಿನ ನೆನಪಿಗೆ ಒಟ್ಟಿಗೆ ಮಾಡೋ ಊಟ) ಸೇರಿದಾಗ ಉಳ್ಳವ್ರು ತಿಂದು ಕುಡ್ದು ಅಮಲೇರಿಸ್ಕೊಂಡಿದ್ರೆ ಇಲ್ಲದವ್ರು ಹಸ್ಕೊಂಡೇ ಕೂತಿರ್ತಿದ್ರು. ಇಷ್ಟೆಲ್ಲಾ ರಾದ್ಧಾಂತ ಆಗಿದ್ರೂ ಪೌಲ ಅಲ್ಲಿನ ಮುಖ್ಯಸ್ಥ ಯಾರು, ಅವನನ್ನ ಕರೀರಿ ಅಂತ ಎಲ್ಲೂ ಬರೆಯಲ್ಲ. ಬೈಯೋದೂ ಇಡೀ ಸಭೆಗೆ, ಸರಿ ಮಾಡ್ಕೊಳ್ಳಿ ಅನ್ನೋದೂ ಇಡೀ ಸಭೆಗೆ.

ಆ ಪತ್ರದ 12ನೇ ಅಧ್ಯಾಯದಲ್ಲಿ ಬರೋ ದೇಹ ಮತ್ತು ಅಂಗಗಳ ಮಾತು ಎಲ್ಲರಿಗೂ ಗೊತ್ತು, ಕಣ್ಣು ಕೈಗೆ ನೀನು ಬೇಡ ಅನ್ನೋಕಾಗಲ್ಲ, ಒಂದು ಅಂಗಕ್ಕೆ ನೋವಾದ್ರೆ ಎಲ್ಲಕ್ಕೂ ನೋವು ಅಂತ. ಮದುವೆ ಪ್ರಸಂಗದಲ್ಲಿ, ಸಭೆ ವಾರ್ಷಿಕೋತ್ಸವದಲ್ಲಿ, ಎಲ್ಲಾ ಕಡೆ ಇದನ್ನ ಹೇಳಿ ಹೇಳಿ ಸವೆದು ಹೋಗಿದೆ. ನನಗೆ ಕೇಳಿದ್ರೆ ಅದಕ್ಕಿಂತ ಹೆಚ್ಚು ಅರ್ಥ ಮಾಡಿಸೋದು ಅದೇ ಪತ್ರದ ಕೊನೆಯ ಅಧ್ಯಾಯ, 16ನೇದು, ಅಲ್ಲಿ ಪೌಲ ದುಡ್ಡಿನ ವಿಷಯ ಮಾತಾಡ್ತಾನೆ. ಹೊಣೆ ಹಂಚ್ಕೊಳ್ಳೋದು ಅನ್ನೋದು ಬರೀ ಒಳ್ಳೆ ಭಾವನೆ ಆಗಿ ಉಳೀತಾ ಅಥವಾ ಕೆಲಸ ಆಯ್ತಾ ಅನ್ನೋದು ದುಡ್ಡು ಹೆಂಗೆ ಕೂಡ್ತು, ಯಾರ ಕೈಲಿ ಹೋಯ್ತು, ಲೆಕ್ಕ ಯಾರು ನೋಡಿದ್ರು ಅನ್ನೋದ್ರಲ್ಲೇ ಗೊತ್ತಾಗೋದು.

ಅದಕ್ಕೆ ಮೊದ್ಲು ಯೆರೂಸಲೇಮ್ ಕಥೆ ಸ್ವಲ್ಪ ಹೇಳ್ಬೇಕು. ಮೊದಲ ಸಭೆಗಳ ಕಥೆ ಹೇಳೋ ಅಪೊಸ್ತಲರ ಕೃತ್ಯಗಳು (ಅಪೊಸ್ತಲರು ಅಂದ್ರೆ ಯೇಸುವಿನ ಮುಖ್ಯ ಶಿಷ್ಯರು) ಅನ್ನೋ ಪುಸ್ತಕದ 2 ಮತ್ತು 4ನೇ ಅಧ್ಯಾಯದಲ್ಲಿ ಮೊದಲ ವಿಶ್ವಾಸಿಗಳು ಇದ್ದಿದ್ದನ್ನೆಲ್ಲಾ ಹಂಚ್ಕೊಂಡು ಬದುಕ್ತಿದ್ರು, ಅವರಲ್ಲಿ ಕೊರತೆ ಇರೋರು ಯಾರೂ ಇರ್ಲಿಲ್ಲ ಅಂತ ಬರುತ್ತೆ. ಇದನ್ನ ಓದಿ ಕೆಲವ್ರು ನೋಡಿ ಇದೇ ಮೊದಲ ಕಮ್ಯುನಿಸಂ ಅಂತಾರೆ, ಇನ್ನು ಕೆಲವ್ರು ಅದೆಲ್ಲಾ ಆ ಕಾಲಕ್ಕೆ ಬಿಡಿ ಅಂತ ಪುಟ ತಿರುಗಿಸ್ತಾರೆ. ಎರಡೂ ಅವಸರದ ಓದು. ಸೈಪ್ರಸ್ ದ್ವೀಪದ ಬಾರ್ನಬ ಹೊಲ ಮಾರಿ ದುಡ್ಡು ತಂದು ಅಪೊಸ್ತಲರ ಮುಂದೆ ಇಟ್ಟ, ಅದಾದ್ಮೇಲೆ ಅನನೀಯ ಸಪ್ಫೈರ ಅನ್ನೋ ಗಂಡ ಹೆಂಡ್ತಿ ಕೂಡ ಆಸ್ತಿ ಮಾರಿ, ಸ್ವಲ್ಪ ಮುಚ್ಚಿಟ್ಕೊಂಡು, ಇದೇ ಪೂರ್ತಿ ಅಂತ ತಂದಿಟ್ರು. ಆಗ ಅಪೊಸ್ತಲರ ಮುಂದಾಳು ಪೇತ್ರ ಕೇಳೋ ಪ್ರಶ್ನೆ ಗಮನಿಸಿ, ಮಾರೋ ಮೊದ್ಲು ಅದು ನಿಂದೇ ಆಗಿತ್ತಲ್ಲ, ಮಾರಿದ ಮೇಲೂ ದುಡ್ಡು ನಿನ್ನ ಕೈಲೇ ಇತ್ತಲ್ಲ ಅಂತ. ಅಂದ್ರೆ ಕೊಡಲೇಬೇಕು ಅನ್ನೋ ಕಾನೂನು ಇರ್ಲಿಲ್ಲ, ಸಿಕ್ಕಿಬಿದ್ದಿದ್ದು ಸುಳ್ಳಿಗೆ. ಅವರಿಬ್ರೂ ಅಲ್ಲೇ ಸತ್ತು ಬೀಳ್ತಾರೆ ಅಂತ ಕಥೆ ಹೇಳುತ್ತೆ, ಓದೋಕೆ ಹಿತವಾಗಿಲ್ಲ, ಆದ್ರೆ ಆ ಸಭೆಗೆ ಯಾವುದು ದೊಡ್ಡ ಅಪಾಯ ಅನ್ಸಿತ್ತು ಅನ್ನೋದು ಇಲ್ಲಿ ಗೊತ್ತಾಗುತ್ತೆ. ಕಡ್ಮೆ ಕೊಡೋನು ಅಪಾಯ ಅಲ್ಲ, ಕೊಟ್ಟೆ ಅಂತ ನಾಟಕ ಆಡೋನು ಅಪಾಯ.

6ನೇ ಅಧ್ಯಾಯಕ್ಕೆ ಬಂದ್ರೆ ಮೊದಲ ಜಗಳ. ದಿನಾ ಊಟ ಹಂಚೋವಾಗ ಗ್ರೀಕ್ ಮಾತಾಡೋ ಯೆಹೂದ್ಯ ವಿಧವೆಯರಿಗೆ ಸರಿಯಾಗಿ ಸಿಗ್ತಿಲ್ಲ, ಇಬ್ರಿಯ ಮಾತಾಡೋ ಊರಿನವ್ರಿಗೆ ಮಾತ್ರ ಸಿಗ್ತಿದೆ ಅಂತ ದೂರು ಬಂತು. ಎಲ್ಲಾ ನಮ್ಮ ಜನ ಅಂತ ಹೇಳ್ಕೊಂಡ್ರೂ ಭಾಷೆ ಪ್ರಕಾರ ತಟ್ಟೆ ತುಂಬೋದು ಆವಾಗ್ಲೂ ಇತ್ತು. ಹನ್ನೆರಡು ಜನ ಅಪೊಸ್ತಲರು ತಾವೇ ಬಡಿಸೋಕೆ ನಿಲ್ಲಲಿಲ್ಲ, ಯಾರನ್ನೋ ತಾವೇ ನೇಮಿಸಿ ಕೈ ತೊಳ್ಕೊಳ್ಳಲೂ ಇಲ್ಲ. ನಿಮ್ಮೊಳಗಿಂದ ಏಳು ಜನರನ್ನ ನೀವೇ ಆರಿಸಿ, ಒಳ್ಳೆ ಹೆಸರು ಇರೋರಾಗಿರ್ಲಿ ಅಂತ ಸಭೆಗೆ ಬಿಟ್ರು. ಆರಿಸಿದ ಹೆಸರು ನೋಡಿ: ಸ್ತೆಫನ, ಫಿಲಿಪ್ಪ, ಪ್ರೊಖೊರ, ನಿಕನೋರ, ತಿಮೋನ, ಪರ್ಮೇನ, ಅಂತಿಯೋಕ್ಯದ ನಿಕೊಲಾಯ. ಏಳಕ್ಕೆ ಏಳೂ ಗ್ರೀಕ್ ಹೆಸರು. ದೂರು ಕೊಟ್ಟ ಪಂಗಡದವ್ರ ಕೈಗೇ ಸೌಟು ಕೊಟ್ಟ ಹಾಗಿದೆ. ಇವತ್ತಿನ ಯಾವ ಸಂಘದಲ್ಲಿ ಹೀಗೆ ಮಾಡ್ತಾರೆ ಹೇಳಿ, ಕಂಪ್ಲೇಂಟ್ ಮಾಡಿದವ್ನನ್ನ ಮುಂದಿನ ಕಮಿಟಿಯಿಂದ ಹೊರಗಿಡೋದೇ ಹೆಚ್ಚು.

ಈಗ ಆ ಕಾಣಿಕೆ ವಿಷಯ. ಕ್ಲಾಡಿಯಸ್ ಚಕ್ರವರ್ತಿ ಕಾಲದಲ್ಲಿ, ಅಂದ್ರೆ ಕ್ರಿ.ಶ. 41ರಿಂದ 54ರ ನಡುವೆ, ಬರಗಾಲ ಬಂತು. ಸಿರಿಯಾದ ಅಂತಿಯೋಕ್ಯದಲ್ಲಿದ್ದ ವಿಶ್ವಾಸಿಗಳು ತಮ್ಮ ತಮ್ಮ ಶಕ್ತಿಗೆ ತಕ್ಕ ಹಾಗೆ ದುಡ್ಡು ಕೂಡಿಸಿ ಬಾರ್ನಬ ಮತ್ತು ಸೌಲನ (ಇವನೇ ಪೌಲ) ಕೈಲಿ ಯೆರೂಸಲೇಮ್ ಇರೋ ಯೂದಾಯ ಸೀಮೆಗೆ ಕಳಿಸಿದ್ರು. ಇದಾದ್ಮೇಲೆ ಯೆರೂಸಲೇಮಿನ ಹಿರಿಯರಾದ ಯಾಕೋಬ, ಪೇತ್ರ, ಯೋಹಾನ ಪೌಲನ ಜೊತೆ ಒಪ್ಪಂದ ಮಾಡ್ಕೊಂಡ್ರು, ನೀನು ಯೆಹೂದ್ಯರಲ್ಲದವ್ರ ಕಡೆ ಹೋಗು, ನಾವು ಯೆಹೂದ್ಯರ ಕಡೆ, ಆದ್ರೆ ಬಡವ್ರನ್ನ ಮರೀಬೇಡ ಅಂತ. ಗಲಾತ್ಯದವ್ರಿಗೆ ಬರೆದ ಪತ್ರದಲ್ಲಿ ಪೌಲ ಇದನ್ನ ಹೇಳ್ಕೊಂಡು, ಅದನ್ನೇ ಮಾಡೋಕೆ ನಾನೂ ಆಸಕ್ತನಾಗಿದ್ದೆ ಅಂತಾನೆ. ಅಲ್ಲಿಂದ ಮುಂದೆ ಅವನು ಈಗಿನ ತುರ್ಕಿಯಲ್ಲಿದ್ದ ಗಲಾತ್ಯ, ಗ್ರೀಸ್ ಕಡೆಯ ಮಕೆದೋನ್ಯ, ಕೊರಿಂಥ ಇರೋ ಅಖಾಯ ಹೀಗೆ ತಾನು ಓಡಾಡಿದ ಕಡೆಯಿಂದೆಲ್ಲಾ ಯೆರೂಸಲೇಮಿನ ಬಡ ವಿಶ್ವಾಸಿಗಳಿಗೆ ದುಡ್ಡು ಕೂಡಿಸೋಕೆ ನಿಂತ. ವಿಷಯ ಏನಂದ್ರೆ ಕೊಡೋರಲ್ಲಿ ಹೆಚ್ಚಿನವ್ರು ಯೆಹೂದ್ಯರಲ್ಲದವ್ರು, ತಗೊಳ್ಳೋರು ಯೆಹೂದ್ಯರು, ಇವರಿಬ್ರೂ ಒಂದೇ ಪಂಕ್ತೀಲಿ ಕೂತು ಉಣ್ಣಬೇಕಾ ಬೇಡ್ವಾ ಅನ್ನೋದೇ ಆಗಿನ ದೊಡ್ಡ ಜಗಳ. ಪಂಕ್ತಿಭೇದ ಅಂದ್ರೆ ಏನು ಅಂತ ನಮಗೆ ಯಾರೂ ವಿವರಿಸಬೇಕಾಗಿಲ್ಲ ಬಿಡಿ.

ಕೂಡಿಸೋ ರೀತಿ ಹೆಂಗೆ ಅಂತ ಕೊರಿಂಥದವ್ರಿಗೆ ಸ್ಪಷ್ಟವಾಗಿ ಬರೀತಾನೆ. ವಾರದ ಮೊದಲ ದಿನ ಪ್ರತಿಯೊಬ್ರೂ ಅವರವರ ಸಂಪಾದನೆಗೆ ತಕ್ಕ ಹಾಗೆ ಸ್ವಲ್ಪ ತೆಗೆದಿಡಿ, ನಾನು ಬಂದಾಗ ವಸೂಲಿ ಮಾಡೋದು ಬೇಡ. ಅಂದ್ರೆ ದೊಡ್ಡ ಭಾಷಣ ಮಾಡಿ, ಜನರನ್ನ ಅಳಿಸಿ, ಆ ಬಿಸಿಯಲ್ಲಿ ಜೇಬು ಖಾಲಿ ಮಾಡಿಸೋದು ಅವನಿಗೆ ಬೇಕಾಗಿರ್ಲಿಲ್ಲ. ಇವತ್ತಿನ ಕೆಲವು ಟೀವಿ ಪ್ರಸಂಗಗಳನ್ನ ನೋಡಿದವ್ರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತೆ. ಆಮೇಲೆ ಹೇಳ್ತಾನೆ, ದುಡ್ಡು ಒಯ್ಯೋಕೆ ನಿಮಗೆ ಯಾರು ಸರಿ ಅನ್ಸುತ್ತೋ ಅವ್ರನ್ನ ನೀವೇ ಆರಿಸಿ, ನಾನು ಅವ್ರಿಗೆ ಪತ್ರ ಕೊಟ್ಟು ಕಳಿಸ್ತೀನಿ, ನಾನೂ ಹೋಗೋದು ಒಳ್ಳೇದು ಅನ್ಸಿದ್ರೆ ಅವ್ರು ನನ್ನ ಜೊತೆ ಬರ್ಲಿ.

ಕೊರಿಂಥದವ್ರು ಹೂಂ ಅಂದ್ರು. ಆಮೇಲೆ ಸುಮ್ನಾದ್ರು. ನಡುವೆ ಪೌಲನಿಗೂ ಅವ್ರಿಗೂ ಮನಸ್ತಾಪ ಬೇರೆ ಆಗಿತ್ತು. ಎರಡನೇ ಪತ್ರದ 8 ಮತ್ತು 9ನೇ ಅಧ್ಯಾಯ ಪೂರ್ತಿ ಈ ನಿಂತು ಹೋದ ಕಾಣಿಕೆ ಮತ್ತೆ ಶುರು ಮಾಡಿಸೋಕೆ ಬರ್ದಿದ್ದು, ಓದಿದ್ರೆ ನಗೂನೂ ಬರುತ್ತೆ, ಯಾಕಂದ್ರೆ ಪೌಲ ಇಲ್ಲಿ ಮೀಟಿಂಗಲ್ಲಿ ಬಾಕಿ ಕೇಳೋ ಖಜಾಂಚಿ ಥರ ಮಾತಾಡ್ತಾನೆ. ಮಕೆದೋನ್ಯದವ್ರು ಕಡು ಬಡವ್ರು, ಆದ್ರೂ ಶಕ್ತಿ ಮೀರಿ ಕೊಟ್ರು, ನಮಗೂ ಈ ಸೇವೇಲಿ ಪಾಲು ಕೊಡಿ ಅಂತ ಅವ್ರೇ ಬೇಡ್ಕೊಂಡ್ರು ಅಂತ ಮೊದ್ಲು ಹೇಳ್ತಾನೆ. ನೀವು ಹೋದ ವರ್ಷವೇ ತಯಾರಾಗಿದ್ರಿ ಅಂತ ನಾನು ಅವ್ರ ಹತ್ರ ನಿಮ್ಮನ್ನ ಹೊಗಳಿಬಿಟ್ಟಿದ್ದೀನಿ, ಈಗ ಅವ್ರು ನನ್ನ ಜೊತೆ ಬಂದು ನೋಡಿದಾಗ ನೀವು ತಯಾರಿಲ್ಲ ಅಂದ್ರೆ ನನಗೂ ಮರ್ಯಾದೆ ಹೋಗುತ್ತೆ ನಿಮಗೂ ಹೋಗುತ್ತೆ ಅಂತ ಆಮೇಲೆ. ಒತ್ತಾಯ ಇಲ್ಲ ಅಂತ ಹೇಳ್ತಾನೇ ಎಷ್ಟು ಒತ್ತಡ ಹಾಕ್ಬಹುದೋ ಅಷ್ಟೂ ಹಾಕ್ತಾನೆ, ಅದನ್ನ ಒಪ್ಕೊಳ್ಳಲೇಬೇಕು.

ಆದ್ರೆ ನಡುವೆ ಒಂದು ಮಾತು ಬರುತ್ತೆ, ಇಡೀ ವಿಷಯದ ತಿರುಳು ಅದೇ. ಬೇರೆಯವ್ರಿಗೆ ಸುಖ ನಿಮಗೆ ಕಷ್ಟ ಆಗಲಿ ಅಂತ ಅಲ್ಲ, ಸಮಾನತೆ ಇರ್ಲಿ ಅಂತ, ಈಗ ನಿಮ್ಮ ಹೆಚ್ಚಳ ಅವ್ರ ಕೊರತೆಗೆ, ಮುಂದೆ ಅವ್ರ ಹೆಚ್ಚಳ ನಿಮ್ಮ ಕೊರತೆಗೆ. ನಮ್ಮ ಹಳ್ಳಿಗಳ ಮುಯ್ಯಾಳು ಪದ್ಧತಿ ನೆನಪಿಗೆ ಬರುತ್ತಲ್ಲ, ಇವತ್ತು ನಮ್ಮ ಗದ್ದೆಗೆ ನೀವು ಬನ್ನಿ, ನಾಳೆ ನಿಮ್ಮ ಗದ್ದೆಗೆ ನಾವು ಬರ್ತೀವಿ ಅನ್ನೋದು. ಒಂದು ವ್ಯತ್ಯಾಸ ಇದೆ, ಮುಯ್ಯಿಯಲ್ಲಿ ಯಾರಿಗೆ ಎಷ್ಟು ಆಳು ಬಾಕಿ ಅನ್ನೋ ಲೆಕ್ಕ ಎರಡೂ ಮನೇಲಿ ಇರುತ್ತೆ, ಇಲ್ಲಿ ಕೊರಿಂಥದವ್ನು ಯೆರೂಸಲೇಮಿನವ್ನ ಮುಖವನ್ನೇ ನೋಡಿರಲ್ಲ. ಪೌಲ ಇದಕ್ಕೆ ಮನ್ನದ (ಯೆಹೂದ್ಯರ ಪೂರ್ವಜರಿಗೆ ಅರಣ್ಯದಲ್ಲಿ ದೇವರು ಕೊಟ್ಟ ಆಹಾರ) ಕಥೆ ತರ್ತಾನೆ, ಅಲ್ಲಿ ಹೆಚ್ಚು ಕೂಡಿಸಿದವ್ನಿಗೆ ಹೆಚ್ಚಾಗ್ಲಿಲ್ಲ, ಕಡ್ಮೆ ಕೂಡಿಸಿದವ್ನಿಗೆ ಕಡ್ಮೆಯಾಗ್ಲಿಲ್ಲ ಅಂತ. ರೋಮಾಪುರದವ್ರಿಗೆ ಬರೆಯೋವಾಗ ಇನ್ನೂ ಮುಂದೆ ಹೋಗ್ತಾನೆ: ಇದು ದಾನ ಅಲ್ಲ, ಸಾಲ. ಯೆರೂಸಲೇಮಿನವ್ರಿಂದ ಆತ್ಮಸಂಬಂಧವಾದದ್ದು ಪಡೆದವ್ರು ಶರೀರಸಂಬಂಧವಾದದ್ದರಲ್ಲಿ ಅವ್ರಿಗೆ ಋಣಿಗಳು. ಇಲ್ಲಿ ತಗೊಳ್ಳೋನು ಭಿಕ್ಷುಕ ಆಗಲ್ಲ ನೋಡಿ. ಬಡವ್ರಿಗೆ ಸಹಾಯ ಮಾಡಿದ್ವಿ ಅಂತ ಅಕ್ಕಿ ಚೀಲದ ಜೊತೆ ಫೋಟೋ ಹೊಡೆದು ಸ್ಟೇಟಸ್ ಹಾಕೋದು ಈ ಲೆಕ್ಕದಲ್ಲಿ ಎಲ್ಲೂ ಕೂರಲ್ಲ.

ದುಡ್ಡು ಒಯ್ಯೋರ ವಿಷಯಕ್ಕೆ ಬಂದ್ರೆ ಪೌಲ ಇನ್ನೂ ಜಾಗ್ರತೆ. ತನ್ನ ಜೊತೆಗಾರ ತೀತನನ್ನ ಕಳಿಸ್ತಾನೆ, ಅವನ ಜೊತೆ ಎಲ್ಲಾ ಸಭೆಗಳಲ್ಲಿ ಹೆಸರು ಮಾಡಿರೋ ಒಬ್ಬ ಸಹೋದರ, ಅವನನ್ನ ಸಭೆಗಳೇ ಆರಿಸಿದ್ದು, ಜೊತೆಗೆ ಮತ್ತೊಬ್ಬ. ಯಾಕಪ್ಪಾ ಇಷ್ಟು ಜನ ಅಂದ್ರೆ, ಇಷ್ಟು ದೊಡ್ಡ ಮೊತ್ತದ ವಿಷಯದಲ್ಲಿ ನಮ್ಮ ಮೇಲೆ ಯಾರೂ ತಪ್ಪು ಹೊರಿಸಬಾರ್ದು, ದೇವರ ಮುಂದೆ ಮಾತ್ರ ಅಲ್ಲ ಮನುಷ್ಯರ ಮುಂದೆ ಕೂಡ ಸರಿಯಾಗಿರೋದನ್ನ ನೋಡ್ಕೋತೀವಿ ಅಂತ. ನನ್ನ ಮನಸ್ಸಾಕ್ಷಿ ಶುದ್ಧ, ದೇವರಿಗೆ ಗೊತ್ತು, ಲೆಕ್ಕ ಯಾಕೆ ಕೇಳ್ತೀರಿ ಅನ್ನೋ ಮಾತಿಗೆ ಇಲ್ಲಿ ಜಾಗವೇ ಇಲ್ಲ. ಇವತ್ತಿಗೂ ನಮ್ಮ ಕಡೆ ಕ್ರಮ ಇರೋ ಸಭೆಗಳಲ್ಲಿ ಆರಾಧನೆ ಮುಗಿದ ಮೇಲೆ ಕಾಣಿಕೆ ಚೀಲ ಪಾಸ್ಟರ್ ಕೈಗೆ ಹೋಗಲ್ಲ, ಒಳಗಿನ ರೂಮಲ್ಲಿ ಇಬ್ರು ಮೂವರು ಮೇಜಿನ ಮೇಲೆ ಸುರಿದು, ನೋಟು ಬೇರೆ ಚಿಲ್ಲರೆ ಬೇರೆ ಮಾಡಿ ಎಣಿಸಿ, ರಿಜಿಸ್ಟರಲ್ಲಿ ಬರೆದು, ಎಲ್ಲರೂ ಸಹಿ ಹಾಕಿ ಆಮೇಲೆ ಬ್ಯಾಂಕಿಗೆ. ಈಗ ಕ್ಯೂಆರ್ ಕೋಡ್ ಬಂದ್ಮೇಲೆ ಎಣಿಸೋದು ಕಡ್ಮೆಯಾಗಿದೆ, ಆ ಕೋಡ್ ಯಾರ ಅಕೌಂಟಿಗೆ ಹೋಗುತ್ತೆ ಅನ್ನೋದು ಮಾತ್ರ ಕೇಳಬೇಕಾದ ಪ್ರಶ್ನೆ.

ಕೊನೆಗೆ ಹೊರಟರು. ಅಪೊಸ್ತಲರ ಕೃತ್ಯಗಳ 20ನೇ ಅಧ್ಯಾಯದಲ್ಲಿ ಪೌಲನ ಜೊತೆ ಹೋದವ್ರ ಪಟ್ಟಿ ಇದೆ, ಬೆರೋಯದ ಸೋಪತ್ರ, ಥೆಸಲೋನಿಕದ ಅರಿಸ್ತಾರ್ಕ ಮತ್ತು ಸೆಕುಂದ, ದೆರ್ಬೆಯ ಗಾಯ, ತಿಮೊಥೆಯ, ಆಸ್ಯ ಸೀಮೆಯ ತುಖಿಕ ಮತ್ತು ತ್ರೊಫಿಮ. ಹೆಸರು ಓದಿ ಮುಂದೆ ಹೋಗಿಬಿಡ್ತೀವಿ, ಆದ್ರೆ ಊರುಗಳ ಸಮೇತ ಓದಿದ್ರೆ ಇದು ಕೊಟ್ಟ ಸಭೆಗಳ ಪ್ರತಿನಿಧಿಗಳ ತಂಡ ಇದ್ದ ಹಾಗಿದೆ, ಬಹಳ ಪಂಡಿತರು ಹಾಗೇ ಓದ್ತಾರೆ. ಪೌಲನಿಗೆ ಒಳಗೊಳಗೇ ಭಯ ಇತ್ತು, ಯೆರೂಸಲೇಮಿನವ್ರು ಇದನ್ನ ಸ್ವೀಕರಿಸೋ ಹಾಗೆ ಪ್ರಾರ್ಥನೆ ಮಾಡಿ ಅಂತ ರೋಮಾಪುರದವ್ರನ್ನ ಬೇಡ್ಕೊಂಡಿದ್ದ. ಹೋದ್ಮೇಲೆ ಆಗಿದ್ದು ಬೇರೆ, ಯೆಹೂದ್ಯನಲ್ಲದ ಎಫೆಸದ ತ್ರೊಫಿಮನನ್ನ ಪೌಲ ಯೆಹೂದ್ಯರಿಗೆ ಮಾತ್ರ ಪ್ರವೇಶ ಇದ್ದ ದೇವಾಲಯದೊಳಗೆ ಕರ್ಕೊಂಡು ಹೋಗಿದ್ದಾನೆ ಅನ್ನೋ ಗುಮಾನಿ ಎದ್ದು ಗಲಾಟೆಯಾಗಿ ಪೌಲ ಬಂಧನಕ್ಕೆ ಸಿಕ್ಕಿದ. ವರ್ಷಗಟ್ಟಲೆ ಕೂಡಿಸಿದ ಕಾಣಿಕೆ ಬಗ್ಗೆ ಆ ಪುಸ್ತಕದಲ್ಲಿ ಬರೋದು, ನನ್ನ ಜನಕ್ಕೆ ದಾನ ತಂದಿದ್ದೆ ಅಂತ ವಿಚಾರಣೆಯಲ್ಲಿ ಅವನು ಆಡೋ ಒಂದು ಮಾತು ಅಷ್ಟೇ.

ಸರಿ, ಹಾಗಾದ್ರೆ ಯಾರು ಎಷ್ಟು ಹೊರಬೇಕು? ಗಲಾತ್ಯ ಪತ್ರದ 6ನೇ ಅಧ್ಯಾಯದಲ್ಲಿ ಎರಡು ಮಾತು ಹತ್ತತ್ರ ಬರುತ್ತೆ, ಒಬ್ರ ಭಾರ ಒಬ್ರು ಹೊತ್ಕೊಳ್ಳಿ ಅಂತ 2ನೇ ವಚನ, ಪ್ರತಿಯೊಬ್ಬನೂ ತನ್ನ ಹೊರೆ ತಾನೇ ಹೊರಬೇಕು ಅಂತ 5ನೇದು. ಏನಿದು ಒಂದಕ್ಕೊಂದು ತದ್ವಿರುದ್ಧ ಅಂತ ಸಂಡೆ ಸ್ಕೂಲ್ ಮಕ್ಕಳೂ ಕೇಳ್ತಾರೆ. ನಡುವಿನ ವಚನಗಳನ್ನ ಓದಿದ್ರೆ ಬಿಡಿಸ್ಕೊಳ್ಳುತ್ತೆ. ಮೊದಲನೇದು ತಪ್ಪಿ ಬಿದ್ದವನನ್ನ ಎತ್ತೋ ಮಾತು, ಒಬ್ಬನ ಕೈಲಿ ಆಗದೇ ಇರೋದು. ಎರಡನೇದು ನನ್ನ ನಡತೆಗೆ ನಾನೇ ಉತ್ತರ ಕೊಡ್ಬೇಕು, ಪಕ್ಕದವ್ನಿಗಿಂತ ನಾನು ಮೇಲು ಅಂತ ಹೋಲಿಸ್ಕೊಂಡು ಬೀಗಬಾರ್ದು ಅನ್ನೋದು. ಗಂಡನ ಆಪರೇಷನ್ನಿಗೆ ದುಡ್ಡಿಲ್ಲದವಳ ಭಾರ ಸಭೆಯದ್ದು, ಗಂಡ ಕುಡಿಯೋದನ್ನ ಬಿಡೋ ತೀರ್ಮಾನ ಗಂಡನದ್ದೇ, ಅದನ್ನ ಸಭೆ ಅವನ ಬದಲು ಹೊರೋಕಾಗಲ್ಲ, ಪಕ್ಕದಲ್ಲಿ ನಿಲ್ಲಬಹುದು.

ಮೊದಲ ಸಭೆಗಳು ಮೋಸ ಹೋಗೋ ಮುಗ್ಧರೂ ಆಗಿರ್ಲಿಲ್ಲ. ಕೆಲಸ ಮಾಡೋಕೆ ಮನಸ್ಸಿಲ್ಲದವ್ನು ಊಟಾನೂ ಮಾಡಬಾರ್ದು ಅಂತ ಥೆಸಲೋನಿಕದವ್ರಿಗೆ ಬರ್ದಿದೆ, ಮನಸ್ಸಿಲ್ಲದವ್ನು ಅಂತ ಇದೆ, ಕೆಲಸ ಸಿಗದವ್ನು ಅಂತ ಅಲ್ಲ. ವಿಧವೆಯರ ಪಟ್ಟಿಗೆ ಸೇರಬೇಕಾದ್ರೆ ವಯಸ್ಸು 60 ಆಗಿರ್ಬೇಕು, ಮಕ್ಕಳು ಮೊಮ್ಮಕ್ಕಳು ಇದ್ರೆ ಮೊದ್ಲು ಅವ್ರು ನೋಡ್ಕೊಳ್ಳಲಿ, ಸಭೆ ಮೇಲೆ ಭಾರ ಹಾಕಬೇಡಿ ಅಂತ ತಿಮೊಥೆಯನಿಗೆ ಬರೆದ ಮೊದಲ ಪತ್ರದಲ್ಲಿದೆ. ಬೈಬಲಿನ ಹೊರಗೆ ದಿದಖೆ ಅಂತ ಒಂದು ಪುಟ್ಟ ಕೈಪಿಡಿ ಇದೆ, ಬಹಳ ಹಳೇದು, ಒಂದನೇ ಶತಮಾನದ ಕೊನೆ ಅಥವಾ ಎರಡನೇದರ ಶುರು ಅಂತ ಪಂಡಿತರು ಹೇಳ್ತಾರೆ, ಅದರಲ್ಲಿ ಇನ್ನೂ ಮಜವಾದ ನಿಯಮ ಇದೆ. ಊರೂರು ತಿರುಗೋ ಬೋಧಕ ಬಂದ್ರೆ ಒಂದು ದಿನ ಇಟ್ಕೊಳ್ಳಿ, ಬೇಕಾದ್ರೆ ಎರಡು ದಿನ, ಮೂರನೇ ದಿನಾನೂ ಉಳಿದ್ರೆ ಅವನು ಸುಳ್ಳು ಪ್ರವಾದಿ, ಹೊರಡೋವಾಗ ರೊಟ್ಟಿ ಬಿಟ್ಟು ದುಡ್ಡು ಕೇಳಿದ್ರೂ ಸುಳ್ಳು ಪ್ರವಾದಿ. ಊರಲ್ಲೇ ನೆಲೆಸ್ತೀನಿ ಅಂತ ಬಂದವ್ನಿಗೆ ಕಸುಬು ಗೊತ್ತಿದ್ರೆ ಕೆಲಸ ಮಾಡಿ ತಿನ್ನಲಿ. ಈ ಪರೀಕ್ಷೆ ಮಾಡೋ ಹಕ್ಕು ಯಾರಿಗೆ ಕೊಟ್ಟಿದ್ದು ಅಂದ್ರೆ ಮತ್ತೆ ಎಲ್ಲರಿಗೂ.

ತಿದ್ದೋ ಜವಾಬ್ದಾರಿಯೂ ಹಂಚಿಕೆಯದ್ದೇ. ಮತ್ತಾಯನ ಸುವಾರ್ತೆ 18ರಲ್ಲಿ ಯೇಸು ಹೇಳೋ ಕ್ರಮ: ನಿನ್ನ ಸಹೋದರ ತಪ್ಪು ಮಾಡಿದ್ರೆ ಮೊದ್ಲು ನೀನು ಅವನೂ ಇಬ್ರೇ ಇರೋವಾಗ ಹೇಳು, ಕೇಳಲಿಲ್ಲ ಅಂದ್ರೆ ಇನ್ನೊಬ್ರು ಇಬ್ರನ್ನ ಕರ್ಕೊಂಡು ಹೋಗು, ಆಗ್ಲೂ ಕೇಳಲಿಲ್ಲ ಅಂದ್ರೆ ಸಭೆಗೆ ತಿಳಿಸು. ನಮ್ಮ ಜನ ಇದನ್ನ ತಲೆಕೆಳಗು ಮಾಡ್ತಾರೆ, ಮೊದ್ಲು ವಾಟ್ಸಾಪ್ ಗ್ರೂಪಿಗೆ, ಆಮೇಲೆ ಇಬ್ರು ಮೂವರ ಗುಂಪಲ್ಲಿ ಗುಸುಗುಸು, ಎಲ್ಲಾ ಮುಗಿದು ಮನೆ ಮರ್ಯಾದೆ ಹೋದ್ಮೇಲೆ ಅವ್ರ ಹತ್ರ ಮಾತಾಡೋಕೆ ಯಾರೋ ಹೋಗ್ತಾರೆ. ಇನ್ನೊಂದನ್ನೂ ಹೇಳಲೇಬೇಕು, ಮಕ್ಕಳ ಮೇಲೆ ಹೆಂಗಸ್ರ ಮೇಲೆ ದೌರ್ಜನ್ಯ ಆದಾಗ ಈ ವಚನ ತೋರಿಸಿ ನಮ್ಮೊಳಗೇ ಬಗೆಹರಿಸೋಣ ಅಂತ ಮುಚ್ಚಿಡೋದು ಈ ಕ್ರಮದ ದುರುಪಯೋಗ. ಅಪರಾಧ ಆದಾಗ ಪೊಲೀಸ್ ಇದ್ದಾರೆ, ಮಕ್ಕಳನ್ನ ಲೈಂಗಿಕ ದೌರ್ಜನ್ಯದಿಂದ ಕಾಪಾಡೋ ಪೋಕ್ಸೋ ಕಾಯ್ದೆ 2012ರಿಂದ ಇದೆ, ಮಕ್ಕಳ ವಿಷಯದಲ್ಲಿ ಗೊತ್ತಿದ್ದೂ ದೂರು ಕೊಡದೇ ಇರೋದೇ ಅದರ ಪ್ರಕಾರ ಅಪರಾಧ. ಎಲ್ಲರ ಜವಾಬ್ದಾರಿ ಅಂದ್ರೆ ಎಲ್ಲರೂ ಸೇರಿ ಬಾಯಿ ಮುಚ್ಕೊಳ್ಳೋದು ಅಂತ ಯಾರೂ ಓದಬಾರ್ದು.

ಮುಂದಿನ ಶತಮಾನಗಳಲ್ಲಿ ಈ ಪದ್ಧತಿ ಉಳೀತು, ಆದ್ರೆ ಕೈ ಬದಲಾಯ್ತು. ಸುಮಾರು 155ರಲ್ಲಿ ರೋಮ್‌ನಿಂದ ಬರೆದ ಕ್ರೈಸ್ತ ಬರಹಗಾರ ಜಸ್ಟಿನ್, ಭಾನುವಾರ ಉಳ್ಳವ್ರು ಇಷ್ಟ ಬಂದಷ್ಟು ಕೊಡ್ತಾರೆ, ಅದು ಮುಖ್ಯಸ್ಥನ ಹತ್ರ ಇರುತ್ತೆ, ಅವನು ಅನಾಥರು ವಿಧವೆಯರು ರೋಗಿಗಳು ಸೆರೇಲಿರೋರು ಪರದೇಶಿಗಳು ಇವ್ರನ್ನೆಲ್ಲಾ ನೋಡ್ಕೋತಾನೆ ಅಂತ ವಿವರಿಸ್ತಾನೆ. ಎರಡನೇ ಶತಮಾನದ ಕೊನೇಲಿ ಆಫ್ರಿಕಾದ ಕಾರ್ತೇಜಿನ ಇನ್ನೊಬ್ಬ ಕ್ರೈಸ್ತ ಬರಹಗಾರ ತೆರ್ತುಲಿಯನ್, ತಿಂಗಳಿಗೊಮ್ಮೆ ಚಿಕ್ಕ ಕಾಣಿಕೆ, ಬಲವಂತ ಇಲ್ಲ, ಈ ದುಡ್ಡು ಔತಣಕ್ಕೂ ಕುಡಿತಕ್ಕೂ ಅಲ್ಲ, ಬಡವ್ರ ಊಟಕ್ಕೆ ಮತ್ತು ಬಡವ್ರನ್ನ ಹೂಳೋಕೆ ಅಂತಾನೆ. 362ರ ಹೊತ್ತಿಗೆ ಕ್ರೈಸ್ತರನ್ನ ಕಂಡ್ರೆ ಆಗದ ಜೂಲಿಯನ್ ಚಕ್ರವರ್ತಿಯೇ, ಈ ಗಲಿಲಾಯದವ್ರು (ಕ್ರೈಸ್ತರನ್ನ ಅವನು ಕರೀತಿದ್ದಿದ್ದೇ ಹಾಗೆ) ತಮ್ಮ ಬಡವ್ರನ್ನ ಅಲ್ಲದೆ ನಮ್ಮ ಬಡವ್ರನ್ನೂ ಸಾಕ್ತಿದ್ದಾರಲ್ಲ ಅಂತ ತನ್ನ ಪೂಜಾರಿಯೊಬ್ಬನಿಗೆ ಬರೆದು ಹೊಟ್ಟೆ ಉರ್ಕೊಂಡ. ಕೊಡೋದು ನಿಲ್ಲಲಿಲ್ಲ, ಆದ್ರೆ ತೀರ್ಮಾನ ನಿಧಾನಕ್ಕೆ ಬಿಷಪ್ಪರ ಕೈಗೆ, ಗುರುಗಳ ಕೈಗೆ, ಮಠಗಳ ಕೈಗೆ ಹೋಯ್ತು. ಉಳಿದವ್ರು ಕೊಡೋರು, ಕೂರೋರು.

1520ರಲ್ಲಿ ಜರ್ಮನಿಯ ಧರ್ಮಸುಧಾರಕ ಮಾರ್ಟಿನ್ ಲೂಥರ್ ಹೇಳಿದ್ದು ಇದರ ಬುಡಕ್ಕೇ ಪೆಟ್ಟು: ದೀಕ್ಷಾಸ್ನಾನ ಪಡೆದ ಪ್ರತಿಯೊಬ್ಬ ವಿಶ್ವಾಸಿಯೂ ಯಾಜಕನೇ, ಪಾದ್ರಿಗೂ ಚಮ್ಮಾರನಿಗೂ ಇರೋ ವ್ಯತ್ಯಾಸ ಕೆಲಸದ್ದು, ಅಂತಸ್ತಿನದ್ದಲ್ಲ. ಇದು ಮಾತಾಯ್ತು, ಕೆಲಸ ಆಗಿದ್ದು ಮೂರು ವರ್ಷ ಬಿಟ್ಟು ಜರ್ಮನಿಯ ಲೈಸ್ನಿಗ್ ಅನ್ನೋ ಚಿಕ್ಕ ಊರಲ್ಲಿ. ಅಲ್ಲಿನ ಸಭೆ 1523ರಲ್ಲಿ ಸಾಮೂಹಿಕ ಪೆಟ್ಟಿಗೆ ಅಂತ ಒಂದು ವ್ಯವಸ್ಥೆ ಮಾಡ್ತು, ಚರ್ಚಿನ ಆದಾಯ ಕಾಣಿಕೆ ಎಲ್ಲಾ ಅದರೊಳಗೆ, ಅದರಿಂದ ಪಾದ್ರಿ ಸಂಬಳ, ಶಾಲೆ, ವಯಸ್ಸಾದವ್ರು, ಅನಾಥರು, ಕೆಲಸ ಶುರು ಮಾಡೋಕೆ ಬಂಡವಾಳ ಇಲ್ಲದವ್ರು. ನೋಡ್ಕೊಳ್ಳೋಕೆ ಹತ್ತು ಜನ: ಶ್ರೀಮಂತ ಮನೆತನದವ್ರು ಇಬ್ರು, ಪಟ್ಟಣದ ಕೌನ್ಸಿಲಿಂದ ಇಬ್ರು, ಪಟ್ಟಣದ ಸಾಮಾನ್ಯರು ಮೂವರು, ಹಳ್ಳಿ ರೈತರು ಮೂವರು. ಪೆಟ್ಟಿಗೆಗೆ ನಾಲ್ಕು ಬೇರೆ ಬೇರೆ ಬೀಗ, ನಾಲ್ಕು ಪಂಗಡಕ್ಕೆ ಒಂದೊಂದು ಕೀಲಿಕೈ, ಎಲ್ಲರೂ ಬಂದ್ರೆ ಮಾತ್ರ ಮುಚ್ಚಳ ತೆಗೆಯೋಕೆ ಆಗೋದು. ಹತ್ತು ಜನ ಭಾನುವಾರ ಭಾನುವಾರ ಕೂತು ಲೆಕ್ಕ ನೋಡ್ಬೇಕು, ವರ್ಷಕ್ಕೆ ಮೂರು ಸಲ ಇಡೀ ಸಭೆ ಮುಂದೆ ಓದ್ಬೇಕು. ಲೂಥರ್ ಇದಕ್ಕೆ ಮುನ್ನುಡಿ ಬರೆದ. ಆದ್ರೆ ಊರಿನ ಕೌನ್ಸಿಲ್ ತನ್ನ ಕೈಲಿದ್ದ ಚರ್ಚ್ ಆಸ್ತಿ ಬಿಟ್ಕೊಡೋಕೆ ಒಪ್ಪಲಿಲ್ಲ, ವ್ಯವಸ್ಥೆ ಅಲ್ಲೇ ತಡವರಿಸ್ತು. ಆಸ್ತಿ ಅನ್ನೋದು ಆಗ್ಲೂ ಹಾಗೇ ಈಗ್ಲೂ ಹಾಗೇ, ಚರ್ಚ್ ಜಾಗದ ಕೇಸುಗಳ ಬಗ್ಗೆ ಪೇಪರಲ್ಲಿ ಓದೋರಿಗೆ ಇದು ಹೊಸದೇನಲ್ಲ.

ನಮ್ಮ ಕರಾವಳಿಗೆ ಬರೋಣ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವ್ರು 1834ರಲ್ಲಿ ಮಂಗಳೂರಿಗೆ ಬಂದಾಗ ಕ್ರೈಸ್ತರಾದವ್ರು ಜಾತಿಯಿಂದ, ಮನೆಯಿಂದ, ಕಸುಬಿಂದ ಒಟ್ಟಿಗೇ ಹೊರಗೆ ಬಿದ್ರು. ಆಗ ಮಿಷನ್ ನೇಯ್ಗೆ ಕಾರ್ಖಾನೆ, ಪ್ರೆಸ್ಸು, 1865ರಲ್ಲಿ ಹೆಂಚಿನ ಕಾರ್ಖಾನೆ ಹೀಗೆ ಒಂದೊಂದೇ ಶುರು ಮಾಡಿ ಅವ್ರಿಗೆ ಕೆಲಸ ಕೊಡ್ತು. ಒಬ್ರ ಭಾರ ಒಬ್ರು ಹೊರೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇಕಾ ಅನ್ಬಹುದು. ಇನ್ನೊಂದು ಮುಖಾನೂ ಇದೆ, ಕೆಲಸ ಮಿಷನ್ನಿಂದು, ಮನೆ ಮಿಷನ್ನಿಂದು, ಶಾಲೆ ಮಿಷನ್ನಿಂದು ಆದಾಗ ವಿಶ್ವಾಸಿ ಮಗುವಾಗೇ ಉಳೀತಾನೆ. ಮೊದಲನೇ ಮಹಾಯುದ್ಧದಲ್ಲಿ ಬ್ರಿಟಿಷ್ ಸರ್ಕಾರ ಜರ್ಮನ್ ಮಿಷನರಿಗಳನ್ನ ಹೊರಗೆ ಕಳಿಸಿ ಕಾರ್ಖಾನೆಗಳನ್ನ ವಶ ಮಾಡ್ಕೊಂಡಾಗ, ಸಭೆ ನಡೆಸೋ ಹೊಣೆ ಇಲ್ಲಿನವ್ರ ಹೆಗಲಿಗೆ ತಯಾರಿ ಇಲ್ಲದೆ ಬಿತ್ತು. 1947ರ ಸೆಪ್ಟೆಂಬರ್ 27ಕ್ಕೆ ಮದ್ರಾಸಲ್ಲಿ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಹುಟ್ಟಿದ್ಮೇಲೆ ಸಭೆಗೊಂದು ಚುನಾಯಿತ ಪಾಸ್ಟೊರೇಟ್ ಕಮಿಟಿ, ಮೇಲೆ ಡಯಾಸಿಸ್ (ಒಬ್ಬ ಬಿಷಪ್ಪರ ವ್ಯಾಪ್ತಿ) ಕೌನ್ಸಿಲ್, ಅದರ ಮೇಲೆ ಇಡೀ ಚರ್ಚಿನ ಸಿನೋಡ್, ಎಲ್ಲದ್ರಲ್ಲೂ ಬಿಷಪ್ ಪಾದ್ರಿಗಳ ಜೊತೆ ಸಾಮಾನ್ಯ ಸದಸ್ಯರು.

ಕಥೋಲಿಕರಲ್ಲಿ ದಾರಿ ಬೇರೆ. ಮಂಗಳೂರು ಕಡೆ ಒಂದು ಚರ್ಚಿನ ವ್ಯಾಪ್ತಿಯನ್ನ ವಾಳೆಗಳಾಗಿ, ಅಂದ್ರೆ ಚಿಕ್ಕ ಚಿಕ್ಕ ವಾರ್ಡುಗಳಾಗಿ ಹಂಚಿರ್ತಾರೆ, ವಾಳೆಗೊಬ್ರು ಮುಂದಾಳು, ಅವ್ರೇ ಗುರ್ಕಾರ್, ಯಾರ ಮನೇಲಿ ಕಾಯಿಲೆ, ಯಾರ ಮನೇಲಿ ಸಾವು, ಫಾದರಿಗಿಂತ ಮೊದ್ಲು ಅವ್ರಿಗೆ ಗೊತ್ತಿರುತ್ತೆ. 1983ರ ಕಥೋಲಿಕ ಕಾನೂನು ಸಂಹಿತೆ ಪ್ರಕಾರ ಪ್ರತಿ ಚರ್ಚಿಗೂ ಹಣಕಾಸು ಸಮಿತಿ ಕಡ್ಡಾಯ, ಪಾಲನಾ ಮಂಡಳಿ ಬಿಷಪ್ಪರಿಗೆ ಸೂಕ್ತ ಅನ್ಸಿದ್ರೆ. ಆದ್ರೆ ಪಾಲನಾ ಮಂಡಳಿದು ಸಲಹೆ ಮಾತ್ರ, ಕೊನೇ ಮಾತು ಧರ್ಮಗುರುಗಳದ್ದೇ. 2021ರಿಂದ 2024ರ ತನಕ ಪೋಪ್ ಫ್ರಾನ್ಸಿಸ್ ನಡೆಸಿದ ಸಿನೋಡಲ್ಲಿ (ಜೊತೆಗೆ ನಡೆಯೋದು ಅಂತ ಆ ಪದದ ಅರ್ಥ) ಹೆಚ್ಚು ಚರ್ಚೆಯಾದ ಸಂಗತಿಗಳಲ್ಲಿ ಇದೂ ಒಂದು, ಸಲಹೆ ಕೇಳಿ ಆಮೇಲೆ ತನ್ನಿಷ್ಟದ ಹಾಗೆ ಮಾಡೋದಾದ್ರೆ ಜೊತೆಗೆ ನಡೆಯೋದು ಅಂತ ಹೆಂಗೆ ಅನ್ನೋದು. ಯಾವುದು ಮೇಲು ಅಂತ ಕೇಳಿದ್ರೆ ನನಗೆ ಸಿಎಸ್‌ಐ ರಚನೆ ಕಾಗದದ ಮೇಲೆ ಇಷ್ಟ, ಕಮಿಟಿ ಎಲೆಕ್ಷನ್ ಪಂಚಾಯ್ತಿ ಎಲೆಕ್ಷನ್ ಥರ ನಡೆಯೋದನ್ನ ನೋಡಿದಾಗ ಗುರ್ಕಾರ್ ವ್ಯವಸ್ಥೆ ಇಷ್ಟ.

ಇನ್ನು ಮಿಜೋರಾಂ. ಅಲ್ಲಿ ಪ್ರೆಸ್ಬಿಟೇರಿಯನ್ ಸಭೆಯ ಮನೆಗಳಲ್ಲಿ ಅಡುಗೆಗೆ ಅಕ್ಕಿ ಅಳೆಯೋ ಪ್ರತಿ ಸಲ ಒಂದು ಹಿಡಿ ಬೇರೆ ಡಬ್ಬಿಗೆ ಹಾಕ್ತಾರೆ, ಬುಹ್‌ಫಾಯ್ ಥಾಮ್ ಅಂತ ಅದಕ್ಕೆ ಹೆಸರು, ನೂರು ವರ್ಷಕ್ಕೂ ಹಳೇ ಪದ್ಧತಿ. ಸಭೆಯ ಹೆಂಗಸ್ರು ಮನೆ ಮನೆಗೆ ಹೋಗಿ ಅಕ್ಕಿ ಕೂಡಿಸಿ ಮಾರ್ತಾರೆ, ಆ ದುಡ್ಡು ಸಭೆಯ ಸೇವೆಗೆ. ಕೊರಿಂಥದವ್ರಿಗೆ ವಾರಕ್ಕೊಮ್ಮೆ ತೆಗೆದಿಡಿ ಅಂದಿದ್ದನ್ನ ಇವ್ರು ದಿನಕ್ಕೆರಡು ಸಲ ಮಾಡ್ತಿದ್ದಾರೆ. ನಮ್ಮ ಸಭೆಗಳಲ್ಲೂ ಸುಗ್ಗಿ ಹಬ್ಬದ ದಿನ ತೆಂಗಿನಕಾಯಿ, ಬಾಳೆಗೊನೆ, ಕೋಳಿ, ಕೇಕು ತಂದು ಹರಾಜು ಹಾಕೋದಿದೆ, ಎಪ್ಪತ್ತು ರೂಪಾಯಿ ಕುಂಬಳಕಾಯಿ ಹಠಕ್ಕೆ ಬಿದ್ದು ಸಾವಿರ ದಾಟೋದೂ ಇದೆ, ಗಮ್ಮತ್ತಾಗಿರುತ್ತೆ, ಆದ್ರೆ ಅದು ವರ್ಷಕ್ಕೊಂದು ದಿನದ ಹುರುಪು.

ಹಿಡಿ ಅಕ್ಕಿ ತೆಗೆಯೋದು ಯಾರು, ಆ ದುಡ್ಡು ಎಲ್ಲಿಗೆ ಅಂತ ತೀರ್ಮಾನ ಮಾಡೋದು ಯಾರು ಅಂತ ಕೇಳಿದ್ರೆ ವಿಷಯ ಸ್ವಲ್ಪ ಕಹಿಯಾಗುತ್ತೆ. ಪೌಲ ಕಾಣಿಕೆ ಹಿಡ್ಕೊಂಡು ಹೊರಡೋ ಹೊತ್ತಿಗೆ ರೋಮಾಪುರಕ್ಕೆ ಬರೆದ ಅದೇ ಪತ್ರದ ಕೊನೇಲಿ ಫೊಯಿಬೆ ಅನ್ನೋ ಹೆಂಗಸಿನ ಪರಿಚಯ ಮಾಡಿಸ್ತಾನೆ, ಕೊರಿಂಥದ ಬಂದರು ಕೆಂಖ್ರೆಯ ಸಭೆಯ ಸೇವಕಿ, ಪೌಲನಿಗೂ ಇನ್ನೂ ಬಹಳ ಜನಕ್ಕೂ 
ಆಸರೆಯಾದವಳು, ಅವಳಿಗೆ ಏನು ಬೇಕೋ ಅದಕ್ಕೆ ನೆರವಾಗಿ ಅಂತ. ಸಿಎಸ್‌ಐನಲ್ಲಿ ಹೆಂಗಸ್ರು ಪಾಸ್ಟರ್ ಆಗ್ತಾರೆ, 2013ರಲ್ಲಿ ಆಂಧ್ರದ ನಂದ್ಯಾಲ ಡಯಾಸಿಸ್‌ಗೆ ಪುಷ್ಪ ಲಲಿತಾ ಬಿಷಪ್ ಆದ್ರು. ಆದ್ರೆ ಊರ ಸಭೆ ಮಟ್ಟಕ್ಕೆ ಬಂದ್ರೆ ಹೂ, ಅಡುಗೆ, ಸಂಡೆ ಸ್ಕೂಲ್, ಆಸ್ಪತ್ರೆ ಭೇಟಿ ಇವೆಲ್ಲಾ ಸ್ತ್ರೀ ಸಂಘದ ತಲೆ ಮೇಲೆ, ಚೆಕ್‌ಗೆ ಸಹಿ ಹಾಕೋದು ಗಂಡಸ್ರು. ನಿಮ್ಮ ಸಭೆಯಲ್ಲಿ ಹೇಗಿದೆ ಅಂತ ತಿಳ್ಕೊಳ್ಳೋಕೆ ಮುಂದಿನ ವಾರ್ಷಿಕ ಸಭೇಲಿ ಲೆಕ್ಕ ಓದೋ ತನಕ ಎದ್ದು ಹೋಗದೆ ಕೂತಿರಿ, ಆಡಿಟ್ ವರದಿ ಕೈಗೆ ಕೊಡಿ ಅಂತ ಕೇಳಿ, ಕೆಳಗೆ ಯಾರ್‍ಯಾರ ಸಹಿ ಇದೆ ಅಂತ ನೋಡಿ.